ಈರಪ್ಪನ ಹಣೆ

೨೦೨೨ನೆಯ ಇಸವಿ, ಅಕ್ಟೋಬರ್ ೪, ಮಂಗಳವಾರ, ಮಹಾನವಮಿ. ಆಧಾರ: ಆ ವರ್ಷದ ಗೋಡೆ ಪಂಚಾಂಗ, ಮತ್ತು ನನ್ನ ತೇವಾಂಶದ ನೋಟ್‌ಪುಸ್ತಕದ ನಲವತ್ತೊಂದನೆಯ ಪುಟ. ಪಂಚಾಂಗದ ಚೌಕದೊಳಗೆ ‘ಆಯುಧಪೂಜೆ’ ಎಂದು ಕೆಂಪಕ್ಷರದಲ್ಲಿ ಅಚ್ಚಾಗಿದೆ. ನೋಟ್‌ಪುಸ್ತಕದಲ್ಲಿ ನನ್ನದೇ ಕೈಬರಹದಲ್ಲಿ ಹೀಗಿದೆ: ‘ಬೆಳಿಗ್ಗೆ ಈರಪ್ಪನ ಸರ್ವಿಸ್ ಆಯಿತು. ವಿಭೂತಿ, ಪೂಜೆ ಆಯಿತು. ತೇವ ೫೧.’

ಸರ್ವಿಸ್ ಮಾಡಿದವರು ಯಾರು, ವಿಭೂತಿ ಬಳಿದವರು ಯಾರು ಎಂಬುದನ್ನು ಈ ವಾಕ್ಯಗಳು ಹೇಳುವುದಿಲ್ಲ. ನಮ್ಮ ಭಾಷೆಯ ಸೌಕರ್ಯವದು. ‘ಆಯಿತು’ ಎಂಬ ಒಂದು ಕ್ರಿಯಾಪದವಿದ್ದರೆ ಸಾಕು, ಮಾಡಿದವನ ಹೆಸರೆತ್ತದೆಯೇ ಕೆಲಸ ಮುಗಿದುಹೋಗುತ್ತದೆ. ಶಾಸನಗಳಲ್ಲಿ ಇಂಥ ಕರ್ತೃವಿಲ್ಲದ ವಾಕ್ಯ ಎದುರಾದಾಗಲೆಲ್ಲ ನಾನು ಅಂಚಿನಲ್ಲಿ ಪ್ರಶ್ನೆಯ ಚಿಹ್ನೆ ಹಾಕಿದವನು. ಈ ವಾಕ್ಯಕ್ಕೆ ಅದರ ಅಗತ್ಯ ಬೀಳಲಿಲ್ಲ, ಏಕೆಂದರೆ ಕರ್ತೃ ನನ್ನ ನೆನಪಿನಲ್ಲಿ ಸ್ಪಷ್ಟವಾಗಿದ್ದಾನೆ. ಅವನು ಗುಂಡ್ಲುಪೇಟೆಯ ರಿಪೇರಿಯವ ಮಾದೇಶ. ಅವನು ಬಳಿದ ವಿಭೂತಿಯಿಂದಲೇ ನನ್ನ ಹೆಂಡತಿ ದೇವಮ್ಮಣ್ಣಿ ತೀರಿಕೊಂಡಳೆಂದು ಎರಡು ವರ್ಷಗಳಿಂದ ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದೇನೆ. ಅದನ್ನು ಇಂದು ಒಂದು ಸಲ ಕ್ರಮವಾಗಿ ಬರೆದು, ಅವನನ್ನು ಕ್ಷಮಿಸಿ ಮುಗಿಸಿಬಿಡೋಣವೆಂದು ಕುಳಿತಿದ್ದೇನೆ.

ಇಂದು ೨೦೨೪ರ ನವೆಂಬರ್ ೨೦, ಬುಧವಾರ. ನಾಳೆ ಸುಣ್ಣ ಬಳಿಯುವವರು ಬರುತ್ತಾರೆಂದು ಬೆಳಿಗ್ಗೆ ಒಳಕೋಣೆಯ ಬೀಗ ತೆಗೆದೆ. ಬಾಗಿಲು ತೆರೆದೊಡನೆ ಒಂದು ವಾಸನೆ ಬಂತು. ನೆನೆದ ಗೋಣಿತಾಟು, ಹಳೆಯ ಸುಣ್ಣ, ಬಿಸಿಯಾಗಿ ಆರಿದ ರಬ್ಬರು, ಇವುಗಳ ಹಿಂದೆಲ್ಲೋ ವಿಭೂತಿಯ ತೆಳುವಾದ ಬೂದಿಗಂಧ. ಮೂಲೆಯಲ್ಲಿ ಹಳೆಯ ಸೀರೆ ಹೊದಿಸಿಟ್ಟಿದ್ದ ಯಂತ್ರ ಹಾಗೆಯೇ ಇತ್ತು. ಮೊಣಕಾಲೆತ್ತರದ ಬಿಳಿಯ ಪೆಟ್ಟಿಗೆ. ಡಿಹ್ಯೂಮಿಡಿಫೈಯರ್ ಎಂಬುದು ಅದರ ನಿಜನಾಮ. ನಾಲಿಗೆಗೆ ಒಗ್ಗದ ಹೆಸರು. ಕೋಣೆಯ ಗಾಳಿಯನ್ನು ಹಿಂದಿನಿಂದ ಎಳೆದುಕೊಂಡು, ಫ್ರಿಜ್ಜಿನೊಳಗಿರುವಂಥ ತಣ್ಣನೆಯ ಕೊಳವೆಗಳ ಮೇಲೆ ಹಾಯಿಸಿ, ಅದರೊಳಗಿನ ತೇವವನ್ನು ಹನಿಯಾಗಿಸಿ ಕೆಳಗಿನ ಡಬ್ಬಿಗೆ ಇಳಿಸಿ, ಒಣಗಿದ ಗಾಳಿಯನ್ನು ಹೊರಕ್ಕೆ ಬಿಡುವುದು ಅದರ ಕೆಲಸ. ಮುಂಭಾಗದಲ್ಲಿ ಕೋಣೆಯ ತೇವ ನೂರಕ್ಕೆ ಎಷ್ಟೆಂದು ತೋರಿಸುವ ಹಸಿರು ಅಂಕಿ. ಅಂಕಿಯ ಮೇಲೆ ಬೆರಳಗಲದ ಮೂರು ಸೀಳು.

ಚಾಮರಾಜನಗರದಂಥ ಒಣಸೀಮೆಯಲ್ಲಿ ಗಾಳಿಯಿಂದ ನೀರು ಹಿಂಡುವ ಯಂತ್ರವೇಕೆ ಎಂದು ನೀವು ಕೇಳಬಹುದು. ಉತ್ತರ ಹೇಳಲು ನನಗೆ ನಾಚಿಕೆ. ನಾನು ಕಾಲೇಜಿನಲ್ಲಿ ಪಾಠ ಹೇಳುತ್ತ, ನನ್ನ ವೃತ್ತಿಜೀವನವನ್ನೆಲ್ಲ ಈ ಜಿಲ್ಲೆಯ ಹಳೆಯ ಕೆರೆಗಳ ಮೇಲೆ ಕಳೆದವನು. ಯಾವ ಕೆರೆಯ ತೂಬು ಯಾವ ಗದ್ದೆಗೆ ನೀರುಣಿಸುತ್ತಿತ್ತು ಎಂಬುದನ್ನು ಶಾಸನ, ಕಂದಾಯದ ಕಡತ, ಹಿರಿಯರ ಹೇಳಿಕೆ ಮೂರನ್ನೂ ತಾಳೆ ನೋಡಿ ಬರೆದವನು. ನಿವೃತ್ತನಾದ ವರ್ಷ ಊರಂಚಿನ ಹೊಸ ಬಡಾವಣೆಯಲ್ಲಿ ಮನೆ ಕೊಂಡೆ. ಕೊಂಡು ಹದಿನಾಲ್ಕು ತಿಂಗಳಾದ ಮೇಲೆ, ಬೇರಾವುದೋ ಕೆಲಸಕ್ಕೆ ಹಳೆಯ ಗ್ರಾಮನಕ್ಷೆಯೊಂದನ್ನು ಬಿಡಿಸಿ ನೋಡುತ್ತಿದ್ದಾಗ, ನನ್ನ ಒಳಕೋಣೆ ಮುಚ್ಚಿಹೋದ ಒಂದು ಕೆರೆಯ ಅಂಗಳದಲ್ಲಿ, ಸರಿಸುಮಾರು ಅದರ ತೂಬಿನ ಮೇಲೆಯೇ ನಿಂತಿರುವುದು ಗೊತ್ತಾಯಿತು. ಆ ಕೆರೆ ನನ್ನ ಪುಸ್ತಕದ ಅನುಬಂಧದಲ್ಲಿಯೂ ಇದೆ; ಎದುರಿಗೆ ‘ಈಗ ಕುರುಹಿಲ್ಲ’ ಎಂಬ ಷರಾ ಇದೆ. ಕುರುಹು ನಮ್ಮ ಗೋಡೆಯಲ್ಲಿತ್ತು.

ಬೇಸಗೆಯಲ್ಲಿ ಏನೂ ತಿಳಿಯುತ್ತಿರಲಿಲ್ಲ. ಹಿಂಗಾರು ಹಿಡಿಯಿತೆಂದರೆ ನೆಲದಿಂದ ಗೋಡೆಗೆ ತೇವ ಏರುತ್ತ, ದಸರೆಯ ಹೊತ್ತಿಗೆ ಮಂಚದೆತ್ತರಕ್ಕೂ, ದೀಪಾವಳಿಯ ಹೊತ್ತಿಗೆ ಕಿಟಕಿಯೆತ್ತರಕ್ಕೂ ಬರುತ್ತಿತ್ತು. ಅದರ ಬೆನ್ನಿಗೇ ಕಪ್ಪು ಬೂಷ್ಟು. ದೇವಮ್ಮಣ್ಣಿ ಉಡಿಗಾಲದವಳು, ತೌರಿನಲ್ಲಿದ್ದಾಗಿನಿಂದಲೂ ಅವಳಿಗೆ ಉಬ್ಬಸ. ಬೂಷ್ಟು ಹಿಡಿದ ಗಾಳಿ ಅವಳ ಶ್ವಾಸಕೋಶಕ್ಕೆ ವಿಷವೆಂದು ಮೈಸೂರಿನ ವೈದ್ಯರು ನನ್ನನ್ನು ಕೂರಿಸಿಕೊಂಡು ಎರಡು ಸಲ ಹೇಳಿದ್ದರು. ಮನೆಯಲ್ಲಿ ಒಣಗಿರುತ್ತಿದ್ದ ಕೋಣೆಯೂ ಒಂದಿತ್ತು, ಬೀದಿಯ ಕಡೆಗಿನದು. ಅದರಲ್ಲಿ ನನ್ನ ಪುಸ್ತಕಗಳಿದ್ದವು. ಆದ್ದರಿಂದ ಯಂತ್ರ ತರಿಸಿದೆವು.

ಎರಡು ವರ್ಷ ಸರಿಯಾಗಿ ನಡೆದ ಯಂತ್ರ ೨೦೧೯ರ ಜೂನ್‌ನಲ್ಲಿ ನಿಂತಿತು. ಡಬ್ಬಿ ಖಾಲಿಯಿದ್ದರೂ ‘ತುಂಬಿದೆ’ ಎಂಬ ಕೆಂಪು ದೀಪ ಉರಿಯುತ್ತಿತ್ತು. ಫೋನಿನಲ್ಲಿ ವಿಚಾರಿಸಿದರೆ ಮೈಸೂರಿಗೆ ತನ್ನಿ ಎಂದರು. ಮೈಸೂರಿಗೆ ಕೊಂಡೊಯ್ದರೆ ಇಂಥದ್ದನ್ನು ನಾವು ಬಿಚ್ಚುವುದಿಲ್ಲ ಎಂದರು. ಕೊನೆಗೆ ಸ್ನೇಹಿತರೊಬ್ಬರು ಮಾದೇಶನ ಹೆಸರು ಹೇಳಿದರು. ಹಂಗಳದವನು, ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಯ ಮಗ್ಗುಲಿಗೆ ಫ್ರಿಜ್ಜು ರಿಪೇರಿಯ ಸಣ್ಣ ಅಂಗಡಿ. ಹಿಂದೆ ಕೆಲವು ವರ್ಷ ಗಡಿಯಾಚೆ ಕೇರಳದ ಬತ್ತೇರಿಯಲ್ಲಿ ದುಡಿದಿದ್ದ. ಅಲ್ಲಿ ಮಳೆಗಾಲವೆಂದರೆ ಗೋಡೆಯೆಲ್ಲ ಬೂಷ್ಟು, ಅನುಕೂಲಸ್ಥರ ಮನೆಗಳಲ್ಲೆಲ್ಲ ಈ ಯಂತ್ರ. ಹಾಗಾಗಿ ಇದರ ಕೆಲಸ ಅವನ ಕೈಗೆ ಹತ್ತಿತ್ತು.

ಬಸ್ಸಿನಲ್ಲಿ ಬಂದ, ಹೆಗಲಿಗೆ ಚೀಲ. ಯಂತ್ರದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಅದರ ಮೈಗೆ ಕಿವಿಯಿಟ್ಟ. ಡಬ್ಬಿಯನ್ನು ಎಳೆದು, ಒಳಗೆ ನೀರಿನೊಡನೆ ತೇಲಿ ಏರಬೇಕಾದ ಬಿಳಿಯ ತುಂಡೊಂದು ಪಾಚಿಗೆ ಅಂಟಿ ಮೇಲೆಯೇ ನಿಂತುಬಿಟ್ಟಿರುವುದನ್ನು ತೋರಿಸಿದ. ‘ಇದ್ಕೇನೂ ಆಗಿಲ್ಲ ಸಾ,’ ಎಂದ. ‘ವಟ್ಟೆ ತುಂಬ್ಬುಟ್ಟದೆ ಅನ್ಕಂಡು ಕೂತ್ಬುಟ್ಟದೆ. ತುಂಬಿಲ್ಲ ಕನಪ್ಪ, ಎದ್ದೇಳು ಅಂತ ಯಾರಾರ ಯೋಳ್ಬೇಕು, ಅಷ್ಟೆಯ.’

ದೇವಮ್ಮಣ್ಣಿ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಇದಕ್ಕೆ ನಮ್ಮ ಬಾಯಿಗೆ ಬರುವಂಥ ಹೆಸರೇನಾದರೂ ಇದೆಯೇ ಎಂದು ಕೇಳಿದಳು. ಬತ್ತೇರಿಯ ಕಡೆಯವರು ಈರ್ಪ್ಪಂ ಮಿಷಿನ್ನು ಅನ್ನುತ್ತಾರೆಂದು ಅವನು ಹೇಳಿದ. ಅವಳಿಗೆ ಕೇಳಿಸಿದ್ದು ಬೇರೆ.

‘ಈರಪ್ಪನಾ? ನಮ್ ತಾತನ ಹೆಸ್ರು ಕಣಪ್ಪ ಅದು.’

ಅಂದಿನಿಂದ ಯಂತ್ರ ಈರಪ್ಪನಾಯಿತು. ತೇವಕ್ಕೆ ತಮಿಳಿನಲ್ಲಿ ಈರಂ, ಮಲಯಾಳದಲ್ಲಿ ಈರ್ಪ್ಪಂ. ಆ ಪದ ಗುಂಡ್ಲುಪೇಟೆಯ ಬಸ್ಸು ಹತ್ತಿ ನಮ್ಮ ಮನೆಗೆ ಬರುವಷ್ಟರಲ್ಲಿ ವೀರಭದ್ರನ ಒಕ್ಕಲಿನವನಾಗಿ, ನನ್ನ ಹೆಂಡತಿಗೆ ತಾತನಾಗಿತ್ತು. ಇದರ ಮೇಲೆ ಅರ್ಧ ಪುಟದ ಟಿಪ್ಪಣಿ ಬರೆದು ಅವಳಿಗೆ ಓದಿ ಹೇಳಿದೆ. ಹೆಸರು ಗೊತ್ತಾಯಿತಲ್ಲ, ಇನ್ನು ಬುಡಿ ಎಂದಳು. ಆದರೆ ಹೆಸರು ಬಂದ ಮೇಲೆ ವಸ್ತು ವಸ್ತುವಾಗಿ ಉಳಿಯುವುದಿಲ್ಲ. ಅವಳು ಅದನ್ನು ಕಾಲಿನಿಂದ ಸರಿಸುವುದನ್ನು ಬಿಟ್ಟಳು. ಡಬ್ಬಿಯ ನೀರನ್ನು ಬಚ್ಚಲಿಗೆ ಚೆಲ್ಲದೆ ದಾಸವಾಳದ ಬುಡಕ್ಕೆ ಹಾಕುತ್ತಿದ್ದಳು. ಈರಪ್ಪ ಇವತ್ತು ಎರಡು ಚೊಂಬು ಕುಡಿದವನೆ, ಈರಪ್ಪನಿಗೆ ಇವತ್ತು ಹೊಟ್ಟೆ ಸರಿಯಿಲ್ಲ ಎಂದು ನನಗೆ ವರದಿ ಒಪ್ಪಿಸುತ್ತಿದ್ದಳು. ನಾನೂ, ಅದರ ಮುಂಭಾಗದ ಸೀಳುಗಳಿದ್ದ ಜಾಗವನ್ನು ಯಾವಾಗಲೋ ‘ಹಣೆ’ ಎನ್ನತೊಡಗಿದ್ದೆ.

ಆಮೇಲೆ ಮಾದೇಶ ವರ್ಷಕ್ಕೆರಡು ಸಲ ಬರುತ್ತಿದ್ದ. ಹಿಂದಿನ ಜಾಲರಿಯನ್ನು ತೊಳೆದು ನೆರಳಿನಲ್ಲಿ ಒಣಗಿಸುವುದು, ಕೊಳವೆಗಳ ನಡುವಿನ ಧೂಳನ್ನು ಮೆದುವಾದ ಬ್ರಷ್ಷಿನಲ್ಲಿ ಮೇಲಿನಿಂದ ಕೆಳಕ್ಕೆ ಮಾತ್ರ ಎಳೆಯುವುದು, ಡಬ್ಬಿಗೆ ಹುಣಸೆಹಣ್ಣು ತಿಕ್ಕುವುದು. ಒದ್ದೆ ಬಟ್ಟೆಯನ್ನು ಯಂತ್ರದ ಮುಖಕ್ಕೆ ಸೋಕಿಸಲು ಯಾರಿಗೂ ಬಿಡುತ್ತಿರಲಿಲ್ಲ. ಇದೆಲ್ಲ ಮುಗಿದ ಮೇಲೆ ಅವನದೊಂದು ಕ್ರಮವಿತ್ತು. ದೇವಮ್ಮಣ್ಣಿಯಿಂದ ಕರಿಯದ ಒಂದು ಹಪ್ಪಳ ಕೇಳಿ ಪಡೆದು ಕೋಣೆಯ ಗೂಡಿನಲ್ಲಿ ಒರಗಿಸಿಟ್ಟು ಹೋಗುತ್ತಿದ್ದ. ಮುರಿದರೆ ಕೋಣೆ ಒಣಗಿದೆ ಎಂದರ್ಥ, ಬಾಗಿದರೆ ತೇವವಿದೆ ಎಂದರ್ಥ. ಅಂಕಿಯೇ ಕಣ್ಣೆದುರಿಗಿರುವಾಗ ಹಪ್ಪಳವೇಕಯ್ಯ ಎಂದು ನಾನು ಕೇಳಿದೆ. ‘ನಂಬ್ರು ಅದ್ಕೆ ಯಂಗ್ ಕಂಡದೋ ಅಂಗ್ ಯೋಳ್ತದೆ ಸಾ. ಅಪ್ಪಳ ಯಾರ್ ಮಾತ್ನೂ ಕೇಳಲ್ಲ.’ ನಾನು ನಕ್ಕು, ಅಂಕಿಯನ್ನೇ ದಿನಕ್ಕೆರಡು ಸಲ ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳುವುದನ್ನು ಮುಂದುವರಿಸಿದೆ.

ಇನ್ನೊಂದು ಮಾತನ್ನೂ ಅವನು ಹೇಳಿದ್ದ, ಬರೆಯದಿದ್ದರೆ ತಪ್ಪಾಗುತ್ತದೆ. ಒಂದು ಸಲ ಬೀದಿಕೋಣೆಯ ಬಾಗಿಲಲ್ಲಿ ನಿಂತು ಪುಸ್ತಕದ ಕಪಾಟುಗಳನ್ನು ನೋಡಿ, ಗೋಡೆಗೆ ಅಂಗೈ ಊರಿ, ‘ಅವ್ವಾರ ಇಲ್ಲಿ ಮನಗ್ಸಿ ಸಾ. ಪುಸ್ತಕ್ಕೆ ಉಬ್ಸ ಬರಲ್ಲ,’ ಎಂದ. ನಾನು ಉತ್ತರ ಹುಡುಕುವಷ್ಟರಲ್ಲಿ ದೇವಮ್ಮಣ್ಣಿಯೇ, ಪುಸ್ತಕಕ್ಕೆ ಬೂಷ್ಟು ಹಿಡಿದರೆ ನಿಮ್ಮ ಸಾರ್‌ಗೆ ಉಬ್ಬಸ ಬರುತ್ತದೆ ಎಂದುಬಿಟ್ಟಳು. ಮೂವರೂ ನಕ್ಕೆವು. ಪುಸ್ತಕಗಳು ಅಲ್ಲಿಯೇ ಉಳಿದವು.

ಈಗ ಮಹಾನವಮಿಯ ದಿನಕ್ಕೆ ಬರುತ್ತೇನೆ. ನನ್ನ ನೆನಪು ಹೀಗಿದೆ: ಬೆಳಗಿನ ಬಸ್ಸಿಗೆ ಮಾದೇಶ ಬಂದ. ಜಾಲರಿ ತೊಳೆದ. ಒರೆಸಿದ. ಹಬ್ಬದ ದಿನವೆಂದು ದೇವರಕೋಣೆಯಿಂದ ವಿಭೂತಿಗಟ್ಟಿ ತರಿಸಿಕೊಂಡು, ಅಂಗೈಯಲ್ಲಿ ನೀರು ಹಾಕಿ ತೇಯ್ದು, ಈರಪ್ಪನ ಹಣೆಗೆ ಮೂರು ಬೆರಳಿನಲ್ಲಿ ಎಡದಿಂದ ಬಲಕ್ಕೆ ಎಳೆದ. ಮೇಲೊಂದು ಕುಂಕುಮ, ತಲೆಗೊಂದು ಚೆಂಡುಹೂವು. ವಿಭೂತಿಯ ನೀರು ಆ ಸೀಳುಗಳೊಳಕ್ಕೆ ಇಳಿಯುವುದನ್ನೂ ನಾನು ನೋಡಿದ್ದೇನೆ. ಬೆರಳು ಕಾಣುತ್ತದೆ, ಅಂಗೈ ಕಾಣುತ್ತದೆ. ಇಷ್ಟು ವಿವರವುಳ್ಳ ಸಾಕ್ಷ್ಯವನ್ನು ನಾನು ಬೇರೆಯವರಿಂದ ಕೇಳಿದ್ದರೆ ಪ್ರಥಮ ದರ್ಜೆಯದೆಂದು ಗುರುತು ಹಾಕಿಕೊಳ್ಳುತ್ತಿದ್ದೆ.

ಹಬ್ಬ ಕಳೆದು ಮಳೆ ಹಿಡಿಯಿತು. ನೋಟ್‌ಪುಸ್ತಕದ ನಲವತ್ತೆರಡನೆಯ ಪುಟದಿಂದ ನಲವತ್ತಾರರವರೆಗೆ ಒಂದೇ ಅಂಕಿ: ೫೧, ೫೧, ೫೧. ಹೊರಗೆ ಬೀದಿ ಹಳ್ಳವಾಗಿ ಹರಿಯುತ್ತಿದ್ದ ದಿನವೂ ೫೧. ಐವತ್ತೈದರ ಕೆಳಗಿದ್ದರೆ ಕೋಣೆ ಕ್ಷೇಮವೆಂದು ವೈದ್ಯರು ಹೇಳಿದ್ದರು. ಐವತ್ತೈದು ದಾಟಿದರೆ ಮಾತ್ರ ಯಂತ್ರ ನೀರು ಹಿಂಡಬೇಕೆಂದು ಮಾದೇಶ ಅದನ್ನು ಹೊಂದಿಸಿದ್ದ. ಹಾಗಾಗಿ ಅದರ ಫ್ಯಾನು ತಿರುಗುತ್ತಿತ್ತು, ಡಬ್ಬಿಗೆ ಹನಿ ಬೀಳುತ್ತಿರಲಿಲ್ಲ. ಖಾಲಿ ಡಬ್ಬಿಯನ್ನು ನೋಡಿ ನನಗೆ ಸಂತೋಷ. ಇಂಥ ಸ್ಥಿರವಾದ ಅಂಕಿಗಳು ನನ್ನ ಸಂಶೋಧನೆಯಲ್ಲಿ ಎಂದೂ ಸಿಕ್ಕಿರಲಿಲ್ಲ.

ದೇವಮ್ಮಣ್ಣಿಗೆ ಸಂತೋಷವಿರಲಿಲ್ಲ. ಹಾಸಿಗೆ ತಣ್ಣಗಿದೆ ಎಂದಳು. ಗೋಡೆ ವಾಸನೆ ಬರುತ್ತಿದೆ ಎಂದಳು. ಒಂದು ಮಧ್ಯಾಹ್ನ ನಾನು ಬರೆಯುತ್ತಿದ್ದ ಮೇಜಿಗೆ ಬಂದು ನಿಂತಳು. ಅಷ್ಟು ದೂರ ನಡೆದದ್ದಕ್ಕೇ ಉಸಿರು ಸಿಕ್ಕಿಕೊಳ್ಳುತ್ತಿತ್ತು.

‘ಈರಪ್ಪ ಉಸ್ರಾಡ್ತಾವ್ನೆ, ನೀರೇ ಕುಡೀತಿಲ್ವಲ್ಲ ಕಣ್ರೀ.’

ಕುಡಿಯಲು ಕೋಣೆಯಲ್ಲಿ ತೇವವಿರಬೇಕಲ್ಲ ಎಂದೆ. ನೋಟ್‌ಪುಸ್ತಕ ತೆರೆದು ಸಾಲು ಸಾಲಾಗಿ ಅಂಕಿಗಳನ್ನು ತೋರಿಸಿದೆ. ಅವಳು ಸೆರಗಿನ ಮರೆಯಿಂದ ಗೂಡಿನ ಹಪ್ಪಳವನ್ನು ತೆಗೆದು, ಎರಡು ಕೈಯಲ್ಲಿ ಹಿಡಿದು ಮಡಿಸಿದಳು. ವೀಳ್ಯದೆಲೆಯಂತೆ ಮಡಿಸಿಕೊಂಡಿತು. ಅದನ್ನು ತೆರೆದ ಪುಟದ ಮೇಲೆ ಇಟ್ಟಳು. ಹಪ್ಪಳಕ್ಕೆ ಉಪ್ಪು ಹೆಚ್ಚಾಗಿದ್ದರೆ ಹೀಗಾಗುವುದುಂಟು ಎಂದು ನಾನು ವಿವರಿಸಿದೆ. ಅವಳು, ‘ನಿಮ್ಮ ಪುಸ್ತಕದಲ್ಲಿ ಬರ್ದದಲ್ಲ, ಬುಡಿ,’ ಎಂದು ಒಳಕೋಣೆಗೆ ಹೋದಳು. ಪುಟದ ಮೇಲೆ ಹಪ್ಪಳದ ಎಣ್ಣೆಯ ಕಲೆ ಈಗಲೂ ಇದೆ; ನಲವತ್ತೈದನೆಯ ಪುಟ, ನವೆಂಬರ್ ಒಂದು.

ನವೆಂಬರ್ ೯ರಂದು ಅವಳನ್ನು ಮೈಸೂರಿಗೆ ಸೇರಿಸಿದೆವು. ೧೩, ಭಾನುವಾರ, ಬೆಳಗಿನ ಏಳು ಗಂಟೆಗೆ ತೀರಿಕೊಂಡಳು. ಇವೆರಡು ದಿನಾಂಕಗಳಿಗೆ ಆಸ್ಪತ್ರೆಯ ಕಾಗದಗಳ ಆಧಾರವಿದೆ. ಕೊನೆಯ ಎರಡು ದಿನ ಮಾತಿರಲಿಲ್ಲ, ಮುಖದ ಮೇಲೆ ಉಸಿರಿನ ಮುಖವಾಡವಿತ್ತು.

ಹನ್ನೊಂದನೆಯ ದಿನ, ೨೩ನೆಯ ತಾರೀಕು ಬುಧವಾರ, ಶಿವಗಣಾರಾಧನೆಗೆ ಬಂಧುಗಳೆಲ್ಲ ಸೇರಿದ್ದರು. ಮಾದೇಶನಿಗೆ ಸುದ್ದಿ ಹೇಗೆ ಮುಟ್ಟಿತೋ, ಬಂದ. ಅಂದು ಅವನ ಹೆಗಲಲ್ಲಿ ಚೀಲವಿರಲಿಲ್ಲ. ಅವಳ ಭಾವಚಿತ್ರಕ್ಕೆ ಕೈಮುಗಿದು, ಅವ್ವನ ಕೋಣೆ ನೋಡಬಹುದೇ ಎಂದು ಕೇಳಿದ. ಒಳಗೆ ಕಾಲಿಟ್ಟವನು ಹೊಸಿಲಿನಲ್ಲೇ ನಿಂತು ಮೂಗೆಳೆದುಕೊಂಡ. ಫ್ಯಾನು ತಿರುಗುತ್ತಲೇ ಇತ್ತು, ಅಂಕಿ ೫೧ರಲ್ಲೇ ಇತ್ತು. ಅವನು ಬಗ್ಗಿ ಹಣೆಯ ಮೇಲೆ ಒಣಗಿ ಗಾರೆಯಾಗಿದ್ದ ವಿಭೂತಿಯನ್ನು ಉಗುರಿನಿಂದ ಕೆರೆದ. ಹಲ್ಲುಜ್ಜುವ ಬ್ರಷ್ಷೊಂದನ್ನು ಕೇಳಿ ಪಡೆದು, ಸೀಳುಗಳೊಳಗಿದ್ದ ಬೂದಿಯನ್ನು ಒಂದೊಂದಾಗಿ ಬಿಡಿಸಿದ. ಆಮೇಲೆ ಅಂಕಿಯ ಎದುರಿಗೆ ಕೂತ. ನಾವು ನೋಡುತ್ತ ನಿಂತೆವು. ಅಂಕಿ ಐವತ್ತೆಂಟಾಯಿತು. ಅರವತ್ತೇಳಾಯಿತು. ಎಂಬತ್ನಾಲ್ಕಕ್ಕೆ ನಿಂ‍ತಿತು. ಯಂತ್ರದ ಹೊಟ್ಟೆಯಲ್ಲಿ ಏನೋ ಗುಡುಗಿ, ಡಬ್ಬಿಗೆ ಮೊದಲ ಹನಿ ಬಿದ್ದ ಸದ್ದು ಕೇಳಿಸಿತು.

‘ಇದು ಅಣೆ ಅಲ್ಲ ಸಾ, ಮೂಗು,’ ಎಂದ. ‘ಇಲ್ಲಿಂದ್ಲೇ ಅದು ತ್ಯಾವ ಮೂಸೋದು. ಮುಚ್ಚೋಗದೆ. ಒಳ್ಗಡೆ ಬೆಚ್ಗಿರೋ ಗಾಳಿನೇ ಮೂಸ್ಕಂಡು ಕೂತದೆ.’

ನನ್ನ ಸುತ್ತ ಹತ್ತಾರು ಜನರಿದ್ದರು. ನಾನು ಕೇಳಿದೆ: ‘ನವಮಿಯ ದಿನ ಇದಕ್ಕೆ ವಿಭೂತಿ ಬಳಿದವನು ನೀನೇ ಅಲ್ಲವೇನಯ್ಯ?’

ಮಾದೇಶ ನನ್ನ ಹಣೆಯನ್ನು ನೋಡಿದ. ಅಂದು ನಾನೂ ವಿಭೂತಿ ಧರಿಸಿದ್ದೆ. ಆಮೇಲೆ ತನ್ನ ಕೈಯಲ್ಲಿದ್ದ ಬ್ರಷ್ಷನ್ನು ನೋಡಿದ. ‘ನಾನೇ ಇರ್ಬೋದು ಸಾ,’ ಎಂದ.

ನನ್ನ ಹಿಂದಿದ್ದ ಬಂಧುವೊಬ್ಬರು ತಡೆಯಲಾರದೆ, ‘ಇರ್ಬೋದು ಅಂದ್ರೇನ್ಲಾ? ಔದು ಅನ್ನು,’ ಎಂದರು.

‘ಔದು,’ ಎಂದ ಮಾದೇಶ.

ಅವನು ಊಟಕ್ಕೆ ನಿಲ್ಲಲಿಲ್ಲ. ದೇವಮ್ಮಣ್ಣಿಯ ತಂಗಿ ಶಾಂತಮ್ಮಣ್ಣಿ ಎಲೆ ಹಾಕಿಸಿ ಬೀದಿಯವರೆಗೂ ಹೋಗಿ ಕರೆದಳಂತೆ, ಬಸ್ಸಿದೆ ಎಂದನಂತೆ. ಯಂತ್ರದ ತಂತಿಯನ್ನು ಅಂದೇ ಕಿತ್ತೆ. ಕೋಣೆಗೆ ಬೀಗ ಹಾಕಿದೆ.

ಮಾತು ನಮ್ಮ ಸೀಮೆಯಲ್ಲಿ ಬಸ್ಸಿಗಿಂತ ಬೇಗ ಊರು ಸೇರುತ್ತದೆಂಬುದು ನನಗೆ ತಿಳಿದದ್ದು ಈ ವರ್ಷದ ಫೆಬ್ರವರಿಯಲ್ಲಿ. ಹಂಗಳದ ಕಡೆಯ ವೀರಗಲ್ಲೊಂದರ ಪಾಠವನ್ನು ಮತ್ತೊಮ್ಮೆ ನೋಡಲು ಹೋಗಿದ್ದವನು, ಹಿಂತಿರುಗುವಾಗ ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಬೇಕಿತ್ತು. ಕಾಲು ಊಟಿ ರಸ್ತೆಯ ಕಡೆಗೆ ಹೋಯಿತು. ಮಾದೇಶನ ಅಂಗಡಿಯಲ್ಲಿ ಫೋನಿನ ಕವರುಗಳು ತೂಗಾಡುತ್ತಿದ್ದವು. ಪಕ್ಕದ ಟೈಲರನ್ನು ವಿಚಾರಿಸಿದೆ. ಅವನು ಮಿಷಿನ್ನಿನ ಕಾಲು ನಿಲ್ಲಿಸದೆಯೇ ಹೇಳಿದ:

‘ಮಾದೇಸನಾ? ಅವ್ನು ಬತ್ತೇರಿಗೋಗಿ ವರ್ಸದ ಮ್ಯಾಲಾಯ್ತು ಸಾ. ಯಾವ್ದೋ ಲಾಡ್ಜಲ್ಲಿ ನೀರೆತ್ತೋ ಕೆಲ್ಸಕ್ಕವ್ನೆ. ಇಲ್ಲಿ ಯಾರು ಕರೀತಾರೆ ಯೋಳಿ? ನಗರದಲ್ಲಿ ಯಾರೋ ಮೇಷ್ಟ್ರಂತೆ. ಅವ್ರೆಡ್ತಿ ಮನಗೋ ಕ್ವಾಣೆ ಮಿಷಿನ್‌ಗೆ ಇಬೂತಿ ಮೆತ್ಬುಟ್ನಂತೆ, ಆಯಮ್ಮ ಉಸ್ರು ಕಟ್ಟೋಗ್ಬುಡ್ತು.’

ಅವನು ಅಂಥವನೇ ಎಂದು ಕೇಳಿದೆ. ಟೈಲರು ಹಲ್ಲಿನಲ್ಲಿ ದಾರ ಕಡಿದ.

‘ಒದ್ದೆ ಬಟ್ಟೆ ಸೋಕ್ಸಕ್ಕೆ ಬುಡ್ದೆ ಇದ್ದೋನು ಸಾ ಅವ್ನು. ಅದ್ಯಂಗ್ ಮೆತ್ತಿದ್ನೋ. ಫ್ರಿಜ್ ರಿಪೇರಿಗೆ ಓದ್ರೆ ಜನ ತಮಾಸೆ ಮಾಡರು, ಇಬೂತಿ ತಂದಿದ್ದೀಯೇನ್ಲಾ ಅಂತ. ಸ್ವಲ್ಪ ದಿಸ ಇವ್ನೂ ನಗಾಡ್ದ. ಆಮೇಕೆ ಬಾಗ್ಲಾಕ್ಬುಟ್ಟ.’

ಆ ಮೇಷ್ಟ್ರು ನಾನೇ ಎಂದು ಹೇಳಲಿಲ್ಲ. ‘ಪಾಪ’ ಎಂದೆ. ಬಸ್ಸು ಬಂತು, ಹತ್ತಿದೆ.

ಬೆಳಿಗ್ಗೆ ಇಷ್ಟನ್ನು ಬರೆದೆ. ಮುಂದಿನ ವಾಕ್ಯವನ್ನೂ ಮನಸ್ಸಿನಲ್ಲಿ ಹೊಂದಿಸಿಕೊಂಡಿದ್ದೆ: ಮಾದೇಶ ಭಕ್ತಿಯಿಂದ ಮಾಡಿದ ತಪ್ಪು ಅದು, ಅವನ ಮೇಲೆ ನನಗೀಗ ದ್ವೇಷವಿಲ್ಲ, ಎಂಬುದಾಗಿ. ಉಪಸಂಹಾರ ಚೆನ್ನಾಗಿ ಬರುತ್ತದೆಂಬ ನೆಮ್ಮದಿಯಲ್ಲಿ ಊಟ ಮಾಡಿದೆ.

ಸಂಜೆ ನಾಲ್ಕು ಗಂಟೆಗೆ ಉಡಿಗಾಲದಿಂದ ಶಾಂತಮ್ಮಣ್ಣಿಯ ಫೋನು ಬಂತು. ಅವಳ ಸೊಸೆ ಹಳೆಯ ಫೋನಿನಲ್ಲಿದ್ದುದನ್ನೆಲ್ಲ ಹೊಸದಕ್ಕೆ ತುಂಬಿಸುತ್ತಿದ್ದಳಂತೆ. ‘ಅಕ್ಕನ ದನಿ ಸಿಕ್ತು ಭಾವ,’ ಎಂದಳು. ಅಳುತ್ತಿದ್ದಳು. ‘ನಗಾಡ್ತಾವ್ಳೆ. ನೀವೂ ಇದ್ದೀರಿ ಅದ್ರಲ್ಲಿ. ಕೇಳಿ, ಮನ್ಸಿಗೆ ಸಮಾಧಾನ ಆಯ್ತದೆ.’ ಅವಳು ಕಳುಹಿಸಿದ್ದು ಸಮಾಧಾನಕ್ಕಾಗಿಯೇ. ಅದರಲ್ಲಿ ಏನಿದೆಯೆಂದು ಅವಳಿಗೆ ಹೊಳೆದೂ ಇಲ್ಲ. ಅಕ್ಕನ ನಗುವಿನಾಚೆಗೆ ಅವಳು ಏನನ್ನೂ ಕೇಳಿಸಿಕೊಂಡಿಲ್ಲ.

ಅದನ್ನು ಆರು ಸಲ ಕೇಳಿದೆ. ಫೋನು ಬರೆದುಕೊಂಡಿರುವ ದಿನಾಂಕವನ್ನು ಪಂಚಾಂಗದೊಡನೆ ತಾಳೆ ನೋಡಿದೆ, ತಾಳೆಯಾಯಿತು. ಹಾಗಾದರೆ ನನ್ನ ನೆನಪಿನಲ್ಲಿರುವ ಮಾದೇಶನ ಬೆರಳುಗಳು ಯಾವ ದಿನದವು, ಯಾರವು? ಮುಂದಿನ ವಾರ ಬರುತ್ತೇನೆಂದಿದ್ದವನು ಬರಲಿಲ್ಲವೇಕೆ, ಸರ್ವಿಸ್ ಆಗಿದೆ, ಬರುವುದು ಬೇಡ ಎಂದು ಅವನಿಗೆ ಹೇಳಿದವರಾರು? ಇದಕ್ಕೆ ದಾಖಲೆ ಸಿಕ್ಕಿಲ್ಲ. ಹನ್ನೊಂದನೆಯ ದಿನ ಅವನೇಕೆ ‘ಔದು’ ಎಂದ? ಅದಕ್ಕೂ ಇಲ್ಲ.

ಬೆಳಿಗ್ಗೆ ಬರೆದದ್ದನ್ನು ತಿದ್ದಿಲ್ಲ. ಹಳೆಯ ಪಾಠವನ್ನು ಅಳಿಸಿ ಹೊಸದನ್ನು ಬರೆಯುವುದನ್ನು ನಾನು ಯಾರಿಗೂ ಕಲಿಸಿಲ್ಲ. ಸುಣ್ಣದವರಿಗೆ ನಾಳೆ ಬರಬೇಡಿರೆಂದು ಹೇಳಿಯಾಯಿತು. ನಾಳೆ ಬೆಳಗಿನ ಮೊದಲ ಬಸ್ಸಿಗೆ ಗುಂಡ್ಲುಪೇಟೆಗೆ ಹೋಗುತ್ತೇನೆ. ಮೊದಲು ಟೈಲರ್ ಅಂಗಡಿ. ಆ ಮೇಷ್ಟ್ರು ಯಾರೆಂದು ಅಲ್ಲಿ, ಕೇಳುವವರೆಲ್ಲರ ಎದುರಿಗೆ ಹೇಳಬೇಕು. ಆಮೇಲೆ ಬತ್ತೇರಿಯ ಬಸ್ಸು. ಅಲ್ಲಿ ಏನು ಹೇಳಬೇಕೆಂಬುದು ಇನ್ನೂ ಹೊಂದಿಲ್ಲ. ಅವನು ಕ್ಷಮಿಸಬೇಕೆಂದು ಕೇಳುವ ಧೈರ್ಯವಂತೂ ಇಲ್ಲ. ಈ ದಾಖಲೆಯ ಪಾಠವೊಂದನ್ನು ಮಾತ್ರ ಕೊಂಡೊಯ್ಯುತ್ತೇನೆ. ಅದು ಮೇಲಿನ ನನ್ನ ಹೇಳಿಕೆಗೆ ವಿರುದ್ಧವಾಗಿದೆ, ಕೇಳಿದಂತೆ ಬರೆದಿದ್ದೇನೆ:

ಫೋನಿನ ಧ್ವನಿಸಂದೇಶ. ದೇವಮ್ಮಣ್ಣಿಯಿಂದ ಶಾಂತಮ್ಮಣ್ಣಿಗೆ. ೨೦೨೨, ಅಕ್ಟೋಬರ್ ೪, ಬೆಳಿಗ್ಗೆ ೧೦ ಗಂಟೆ ೧೭ ನಿಮಿಷ. ‘ಅಬ್ಬದ ಕೆಲ್ಸ ಆಯ್ತೇನಮ್ಮಿ? ಇಲ್ಲಿ ನಿಮ್ ಭಾವಾರ ನೋಡ್ಬೇಕಿತ್ತು ಕಣಮ್ಮಿ ನೀನು. ಮಾದೇಸ ಬತ್ತೇರಿಲವ್ನೆ, ಮುಂದ್ಲ ವಾರ ಬತ್ತನಂತೆ. ಅವ್ನು ಬರಗಂಟ ಬ್ಯಾಡಿ ಅಂದ್ರೂ ಕೇಳ್ದೆ ಇವ್ರೇ ಜಾಲ್ರಿ ತೊಳ್ದು, ಈಗ ಈರಪ್ಪನ್ಗೆ ಇಬೂತಿ ಧರುಸ್ತಾವ್ರೆ. ರೀ, ಅಲ್ಲಿ ಬ್ಯಾಡಿ, ಅದು ಅವ್ನ ಮೂಗು ಅಂತ ಮಾದೇಸ ಯೋಳಿರ್ಲಿಲ್ವಾ?’ ನಗು. ಹತ್ತಿರದಿಂದ ಗಂಡಸಿನ ದನಿ: ‘ಮೂಗಲ್ಲ, ಹಣೆ. ನಿನಗೆ ಗೊತ್ತಿಲ್ಲ, ಸುಮ್ಮನಿರು.’ ಕೆಮ್ಮು. ಸಂದೇಶ ಮುಗಿಯುತ್ತದೆ. ಗಂಡಸಿನ ದನಿ ನನ್ನದು.